ಒಂದು ಕುರಿಗೆ ಎರಡು ಇಟ್ಟಿಗೆ

ಮೊದಲ ಸಲ ನಮ್ಮ ಮನೆಯಲ್ಲಿ ಆಟಕ್ಕೆ ಸೇರಿದಾಗ ಹುಬ್ಬಳ್ಳಿಯವನು ಊಟ ಮಾಡದೆ ಎದ್ದು ಹೋದ. ಬಿಸಿಬೇಳೆಬಾತ್ ಮಾಡಿದ್ದೆ, ಮೇಲೆ ಹಾಕಿಕೊಳ್ಳಲು ಖಾರಾಬೂಂದಿ ತಂದಿದ್ದೆ. ಸುಮ್ನೆ ಬಿಟ್ಟು ಹೋಗುವ ಆಸಾಮಿ ಅಲ್ಲ ಅವನು. ಅವನನ್ನು ಎಬ್ಬಿಸಿದ್ದು ಎರಡು ಇಟ್ಟಿಗೆ.

ಆಡುತ್ತಿದ್ದದ್ದು ಕಟಾನ್ ಎನ್ನುವ ಬೋರ್ಡ್ ಆಟ. ಗೊತ್ತಿಲ್ಲದವರಿಗೆ ಒಂದೆರಡು ಮಾತು. ಹತ್ತೊಂಬತ್ತು ಷಟ್ಕೋನದ ತುಂಡು ಜೋಡಿಸಿದರೆ ಒಂದು ದ್ವೀಪ. ದಾಳ ಹಾಕಿದಾಗ ಬಿದ್ದ ಸಂಖ್ಯೆಯ ಜಾಗದ ಪಕ್ಕ ನಿಮ್ಮ ಊರಿದ್ದರೆ ಮರ, ಇಟ್ಟಿಗೆ, ಕುರಿ, ಗೋಧಿ, ಅದಿರು, ಯಾವುದೋ ಒಂದರ ಕಾರ್ಡು ಸಿಗುತ್ತದೆ. ಅದರಲ್ಲಿ ರಸ್ತೆ ಹಾಕಬೇಕು, ಊರು ಕಟ್ಟಬೇಕು. ಮೊದಲು ಹತ್ತು ಅಂಕ ಮಾಡಿದವರು ಗೆದ್ದರು. ಇಲ್ಲದ್ದನ್ನು ಬೇರೆಯವರ ಹತ್ತಿರ ಚೌಕಾಸಿ ಮಾಡಿ ತಗೋಬೇಕು. ಜರ್ಮನಿಯ ಕ್ಲೌಸ್ ಟಾಯ್ಬರ್ ಎನ್ನುವವರು ಮಾಡಿದ ಆಟ, 1995ರಲ್ಲಿ ಬಂತು. ಅವರ ಕಸುಬು ಕೃತಕ ಹಲ್ಲು ಮಾಡುವುದಾಗಿತ್ತಂತೆ. ಇದನ್ನು ಆಡಿ ಎಷ್ಟು ಜನ ಹಲ್ಲು ಕಡಿದುಕೊಂಡಿದ್ದಾರೆ ಅಂತ ನೆನೆಸಿಕೊಂಡರೆ ಸರಿಯಾಗೇ ಇದೆ.

ಅವತ್ತು ನನ್ನದು ಎಂಟು ಅಂಕ. ಎಲ್ಲರಿಗಿಂತ ಉದ್ದದ ರಸ್ತೆ ಇದ್ದವರಿಗೆ ಎರಡು ಅಂಕ ಜಾಸ್ತಿ, ಅದು ಹುಬ್ಬಳ್ಳಿಯವನ ಹತ್ತಿರ ಇತ್ತು. ಅವನ ರಸ್ತೆ ಐದು ತುಂಡು, ನನ್ನದು ನಾಲ್ಕು. ಕೈಯಲ್ಲಿ ಎರಡು ಮರ ಇತ್ತು, ಇಟ್ಟಿಗೆ ಒಂದೂ ಇರಲಿಲ್ಲ. ಎದುರಿಗೆ ಕೂತಿದ್ದ ನನ್ನ ಗಂಡ, ಒಂದು ಕುರಿ ತಗೊಂಡು ಎರಡು ಇಟ್ಟಿಗೆ ಕೊಟ್ಟುಬಿಟ್ಟರು. ಆಡಿದವರಿಗೆ ಗೊತ್ತು, ಕಟಾನ್‌ನಲ್ಲಿ ಕುರಿಯನ್ನು ಬಿಟ್ಟಿ ಕೊಟ್ಟರೂ ಎಷ್ಟೋ ಸಲ ಯಾರೂ ಮುಟ್ಟುವುದಿಲ್ಲ. ಎರಡು ರಸ್ತೆ ಹಾಕಿದೆ. ಅವನ ಎರಡು ಅಂಕ ನನಗೆ ಬಂತು, ಆಟ ಮುಗೀತು.

"ಇದೇನ್ ಆಟ ಏನ್ರೀ? ಗಂಡ ಹೆಂಡ್ತಿ ಸಂಸಾರ ಐತಿ ಇದು!" ಅಂದವನೇ ಚಪ್ಪಲಿ ಹಾಕಿಕೊಂಡ.

ಎರಡು ದಿನ ನನಗೂ ಸಿಟ್ಟಿತ್ತು. ಆಮೇಲೆ ಯೋಚಿಸಿದೆ. ನಾವೆಲ್ಲ ಒಂದೇ ಕಾಲೇಜಿನಲ್ಲಿ ಮಾರ್ಕ್ಸ್‌ಗೆ ಹೊಡೆದಾಡಿ ಬೆಳೆದವರು. ನಲವತ್ತು ದಾಟಿದ ಮೇಲೆ ಇವರ ಗುಣ ತಿದ್ದಲು ನನ್ನಿಂದ ಆಗುವುದಿಲ್ಲ, ನನ್ನದೂ ಅದೇ ಗುಣ. ನಿಯಮ ತಿದ್ದಬಹುದು ಅಲ್ವಾ? ಮುಂದಿನ ತಿಂಗಳು ಕರೆಯುವ ಮೊದಲೇ ಗ್ರೂಪಿನಲ್ಲಿ ಒಂದು ಸಾಲು ಹಾಕಿದೆ: ಗಂಡ ಹೆಂಡತಿ ನಡುವೆ ಯಾವ ವ್ಯವಹಾರ ಆದರೂ ಅದೇ ದರದಲ್ಲಿ ಟೇಬಲ್ಲಿನ ಎಲ್ಲರಿಗೂ ಮೊದಲು ಕೇಳಬೇಕು, ಬೇರೆ ಯಾರಿಗೂ ಬೇಡವಾದರೆ ಮಾತ್ರ ಮನೆಯೊಳಗೆ. ಹುಬ್ಬಳ್ಳಿಯವನು ಹೆಬ್ಬೆರಳು ಒತ್ತಿದ. ಶನಿವಾರ ಎಲ್ಲರಿಗಿಂತ ಮೊದಲು ಬಂದವನೂ ಅವನೇ, ಕೈಯಲ್ಲಿ ಧಾರವಾಡ ಪೇಡೆ.

ನಾವು ಆರು ಜನ. ಕಟಾನ್ ಮೂರು ನಾಲ್ಕು ಜನರ ಆಟ. ಐದಾರು ಜನ ಆಡಲು ಬೇರೆ ಪೆಟ್ಟಿಗೆ ಸಿಗುತ್ತದೆ, ಕೊಂಡೆ. ಎರಡು ಸಲ ಆಡಿ ಅಟ್ಟಕ್ಕೆ ಹಾಕಿದೆ. ಸರದಿ ಬರುವಷ್ಟರಲ್ಲಿ ಒಬ್ಬರು ಫೋನ್ ನೋಡುತ್ತಿದ್ದರು, ಇನ್ನೊಬ್ಬರು ಆಕಳಿಸುತ್ತಿದ್ದರು. ಈಗ ನಾಲ್ವರು ಕಟಾನ್‌ಗೆ ಕೂತರೆ ಉಳಿದ ಇಬ್ಬರು ಅಳಿಗುಳಿ ಮಣೆಗೆ ಕೂರುತ್ತಾರೆ. ಅಜ್ಜಿಯ ಕಾಲದ ಮಣೆ, ಹದಿನಾಲ್ಕು ಗುಳಿ, ಕಾಯಿಗೆ ಹುಣಸೆ ಬೀಜ. ಶಿರಸಿಯವಳು ಅದರಲ್ಲಿ ಎಕ್ಸ್‌ಪರ್ಟ್. ಬೀಜ ಎತ್ತುವ ಮೊದಲೇ ಕೊನೆಯದು ಯಾವ ಗುಳಿಗೆ ಬೀಳುತ್ತದೆ ಅಂತ ಹೇಳುತ್ತಾಳೆ. ಅವಳ ಎದುರು ಕೂರಲು ಜನ ಸಿಗುವುದಿಲ್ಲ, ಅದು ಬೇರೆ ಕಥೆ.

ಕಟಾನ್‌ಗೆ ಕೂತಾಗ ಮಾತ್ರ ಅವಳದ್ದು ಉಲ್ಟಾ. ಒಂದು ರಸ್ತೆ ಹಾಕಲು ಐದು ನಿಮಿಷ. ಕೆನ್ನೆಗೆ ಕೈ ಕೊಟ್ಟು, ಕಾರ್ಡು ಹಿಂದೆ ಮುಂದೆ ಮಾಡುತ್ತಾ, "ತಡಿರೋ, ತಡಿರೋ" ಅನ್ನುತ್ತಾಳೆ. ಫೋನಿನಲ್ಲಿ ಟೈಮರ್ ಇಟ್ಟೆ. ಅದು ಕಿರ್ ಅಂದಾಗಲೆಲ್ಲ ಅವಳು ಗಾಬರಿಯಾಗಿ ತಪ್ಪು ಜಾಗಕ್ಕೆ ರಸ್ತೆ ಹಾಕಿ, ಆಟ ಮುಗಿಯುವವರೆಗೂ ಮುಖ ಊದಿಸಿಕೊಂಡಿದ್ದಳು. ಕೊನೆಗೆ ಮಕ್ಕಳ ಹಳೆಯ ಆಟವೊಂದರಲ್ಲಿದ್ದ ಪುಟ್ಟ ಮರಳು ಗಡಿಯಾರ ತಂದಿಟ್ಟೆ. ಒಂದು ನಿಮಿಷದ್ದು. ಅದನ್ನು ತಿರುಗಿಸುವ ಹಕ್ಕು ಎಲ್ಲರಿಗೂ ಇದೆ, ಆದರೆ ಒಬ್ಬರಿಗೆ ಇಡೀ ಆಟಕ್ಕೆ ಮೂರೇ ಸಲ. ಹಕ್ಕು ಖರ್ಚಾಗುತ್ತದೆ ಅಂತಾದ ಕೂಡಲೇ ಎಲ್ಲರಿಗೂ ತಾಳ್ಮೆ ಬಂತು. ಶಿರಸಿಯವಳಿಗೂ ಮರಳು ಜಾರುವುದು ಕಣ್ಣಿಗೆ ಕಾಣುತ್ತದೆ, ಸದ್ದಿಲ್ಲ. ಈಗ ಎರಡು ನಿಮಿಷಕ್ಕೆ ಇಳಿದಿದ್ದಾಳೆ.

ದಾಳದ ಜಗಳ ಬೇರೆ. ಸೋಫಾ ಕೆಳಗೆ ಹೋದ ದಾಳ ಲೆಕ್ಕವೋ ಅಲ್ಲವೋ? ಊಟದ ಸ್ಟೀಲ್ ತಟ್ಟೆಯಲ್ಲಿ ಹಾಕಿ ನೋಡಿದೆವು. ಕೆಳಗಿನ ಫ್ಲ್ಯಾಟಿನ ಆಂಟಿ ಮೇಲೆ ಬಂದು, "ಪಾತ್ರೆ ಬಿತ್ತೇನಮ್ಮಾ?" ಅಂದರು. ಅಮ್ಮ ಊರಿಂದ ಕಳಿಸಿದ್ದ ಚಿಕ್ಕ ಮೊರ ಇತ್ತು. ಅದರೊಳಗೆ ಹಳೇ ಟರ್ಕಿ ಟವೆಲ್ ತುಂಡು ಹಾಸಿದೆ. ದಾಳ ಚೆನ್ನಾಗಿ ಉರುಳುತ್ತದೆ, ಸದ್ದಿಲ್ಲ, ಹೊರಗೆ ಹಾರುವುದಿಲ್ಲ. ಮೊರದ ಹೊರಗೆ ಬಿದ್ದರೆ ಮತ್ತೆ ಹಾಕಬೇಕು, ಆರು ಬಿದ್ದಿರಲಿ, ಎಂಟು ಬಿದ್ದಿರಲಿ. ಅಮ್ಮನಿಗೆ ಈ ವಿಷಯ ಹೇಳಿಲ್ಲ.

ಆದರೂ ಮಂಡ್ಯದವನಿಗೆ ಅನುಮಾನ. "ಈ ದಾಳ ಸರಿ ಇಲ್ಲ ಕಣ್ರೋ. ಬರೀ ಏಳೇ ಬೀಳ್ತದೆ." ಎರಡು ದಾಳ ಬೀಳುವ ರೀತಿ 36. ಅದರಲ್ಲಿ ಏಳು ಬರುವುದು ಆರು ರೀತಿ, ಆರು ಮತ್ತು ಎಂಟು ತಲಾ ಐದು ರೀತಿ, ಎರಡು ಮತ್ತು ಹನ್ನೆರಡು ಒಂದೊಂದೇ. ಏಳು ಜಾಸ್ತಿ ಬೀಳಲೇಬೇಕು. ಏಳು ಬಿದ್ದರೆ ಕೈಯಲ್ಲಿ ಏಳಕ್ಕಿಂತ ಜಾಸ್ತಿ ಕಾರ್ಡ್ ಇದ್ದವರು ಅರ್ಧ ಬಿಡಬೇಕು, ಬೋರ್ಡಿನ ಕಳ್ಳನ ಕಾಯಿ ಬೇರೆ ಬಂದು ಕೂರುತ್ತದೆ. ಇವನೋ ಕೂಡಿಡುವ ಜಾತಿ. ಯಾವಾಗ ನೋಡಿದರೂ ಕೈತುಂಬ ಕಾರ್ಡು, ಹಾಗಾಗಿ ಪ್ರತಿ ಏಳೂ ಅವನ ಎದೆಗೇ ಬೀಳುತ್ತದೆ. ಬಾಯಿ ಮಾತಲ್ಲಿ ಒಪ್ಪಲಿಲ್ಲ. ಒಂದು ಸಂಜೆ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಪ್ರತಿ ದಾಳಕ್ಕೂ ಒಂದು ಗೆರೆ ಎಳೆಯಲು ಅವನನ್ನೇ ಕೂರಿಸಿದೆ. 72 ಸಲ ಹಾಕಿದ್ದಕ್ಕೆ ಏಳು ಬಿದ್ದದ್ದು ಹದಿಮೂರು ಸಲ. ಲೆಕ್ಕದ ಪ್ರಕಾರ ಹನ್ನೆರಡು. "ಆ ಒಂದು ಜಾಸ್ತಿ ಬಿತ್ತಲ್ಲ, ಅದೇ ನನಗೆ ಬಿದ್ದಿದ್ದು" ಅಂದ.

ತಿಂಡಿಯಲ್ಲೂ ಪಾಠ ಕಲಿತೆ. ಮೆಣಸಿನಕಾಯಿ ಬಜ್ಜಿ ಮಾಡಿದ ದಿನ ಗೋಧಿ ಕಾರ್ಡಿನ ಮೇಲೆಲ್ಲ ಎಣ್ಣೆ ಬೆರಳು. ಆಮೇಲೆ ಆ ಕಲೆ ನೋಡಿಯೇ ಯಾರ ಕೈಯಲ್ಲಿ ಗೋಧಿ ಇದೆ ಅಂತ ಹೇಳುವಂತಾಯಿತು. ಕಡಲೆಕಾಯಿ ಇಟ್ಟರೆ ಸಿಪ್ಪೆ ಬೋರ್ಡಿನ ಮೇಲೆ. ಈಗ ಆಟದ ನಡುವೆ ಚುರುಮುರಿ, ಅದೂ ಚಮಚದಲ್ಲಿ. ಎಂಟೂವರೆಗೆ ಆಟ ಎಲ್ಲಿದ್ದರೂ ನಿಲ್ಲಿಸಿ ಊಟ. ಸೋಲುವ ಮೊದಲು ಹೊಟ್ಟೆ ತುಂಬಿದ್ದರೆ ಕೋಪ ಅರ್ಧ.

ಜಾಸ್ತಿ ಹೊತ್ತು ಹೋದದ್ದು ಜರ್ಮನಿಯ ಆಟಕ್ಕಲ್ಲ, ಚೌಕಾಬಾರಕ್ಕೆ. ಐದು ಮನೆಗೆ ಐದು ಮನೆ, ನಾಲ್ಕು ಕವಡೆ. ಎಲ್ಲ ಅಂಗಾತ ಬಿದ್ದರೆ ಚೌಕ, ಎಲ್ಲ ಬೋರಲು ಬಿದ್ದರೆ ಬಾರ, ಅಂದರೆ ನಾಲ್ಕು ಮತ್ತು ಎಂಟು. ಇಷ್ಟಕ್ಕೆ ಎಲ್ಲರೂ ಒಪ್ಪುತ್ತಾರೆ. ಇದರಾಚೆ ಒಂದೊಂದು ಊರಿಗೆ ಒಂದೊಂದು ಸಂವಿಧಾನ. ಎದುರಾಳಿಯ ಒಂದು ಕಾಯಾದರೂ ಕಡಿಯದೆ ಒಳಮನೆಗೆ ಹೋಗಬಹುದಾ? ಎರಡು ಕಾಯಿ ಸೇರಿ ಗಟ್ಟಿ ಆದರೆ ಒಂಟಿ ಕಾಯಿ ಅದನ್ನು ದಾಟಬಹುದಾ? ಮೂರು ಸಲ ಬಾರ ಬಿದ್ದರೆ ಮೂರೂ ಹೋಯಿತಾ? "ನಮ್ಮಜ್ಜಿ ಹಿಂಗೇ ಆಡ್ತಿದ್ರು" ಅಂತ ಮಂಡ್ಯ. "ನಿಮ್ಮಜ್ಜಿ ಮೋಸಾ ಮಾಡ್ತಿದ್ರು ಬಿಡಲೇ" ಅಂತ ಹುಬ್ಬಳ್ಳಿ. ಒಂದೂ ಕಾಯಿ ಹಣ್ಣಾಗದೆ ಮುಕ್ಕಾಲು ಗಂಟೆ ಹೋಯಿತು.

ಅವತ್ತೇ ನೋಟ್‌ಬುಕ್ ತಂದೆ. ಜಗಳ ಬಂದ ಪ್ರತಿ ನಿಯಮಕ್ಕೂ ಒಂದು ಸಾಲು, ಕೆಳಗೆ ಆರು ಜನರ ಸಹಿ. ಒಪ್ಪಿಗೆ ಆಗದಿದ್ದರೆ ಕವಡೆ ಹಾಕಿ ತೀರ್ಮಾನ. ಆಟದ ನಡುವೆ ಬಂದ ತಕರಾರಿಗೆ ತೀರ್ಪು ಆ ಆಟಕ್ಕೆ ಅನ್ವಯಿಸುವುದಿಲ್ಲ, ಮುಂದಿನ ಆಟದಿಂದ. ಈ ಕೊನೆಯ ಸಾಲು ಬರೆದ ಮೇಲೆ ಅರ್ಧ ತಕರಾರು ತಾನಾಗೇ ನಿಂತಿತು, ಗೆದ್ದರೂ ಇವತ್ತು ಉಪಯೋಗವಿಲ್ಲವಲ್ಲ.

ಕೊನೆಯ ಆಟ ಯಾವಾಗಲೂ ತಂಡದ್ದು, ಸುಳಿವು ಕೊಟ್ಟು ಪದ ಹುಡುಕಿಸುವ ಆಟ. ಕೋಡ್‌ನೇಮ್ಸ್‌ನ ಇಂಗ್ಲಿಷ್ ಪದಗಳನ್ನು ಎತ್ತಿಟ್ಟು, ಹಳೇ ವಿಸಿಟಿಂಗ್ ಕಾರ್ಡುಗಳ ಹಿಂದೆ ಕನ್ನಡ ಪದ ಬರೆದುಕೊಂಡಿದ್ದೇವೆ. 25 ಪದ ಹರಡಿ, ಒಂದು ಪದದ ಸುಳಿವು ಮತ್ತು ಅದಕ್ಕೆ ಹೊಂದುವ ಪದ ಎಷ್ಟು ಅನ್ನುವ ಸಂಖ್ಯೆ ಕೊಡಬೇಕು, ತಂಡದವರು ಆ ಪದಗಳನ್ನು ಊಹಿಸಿ ಮುಟ್ಟಬೇಕು. ಮಂಡ್ಯದವನ ಹೆಂಡತಿ ಒಮ್ಮೆ "ಮದುವೆ, ಮೂರು" ಅಂದಳು. ಅವಳ ಮನಸ್ಸಲ್ಲಿದ್ದದ್ದು ತಾಳಿ, ಓಲಗ, ಸಾಲ. ಗಂಡ ನೆಟ್ಟಗೆ "ಹಳ್ಳ" ಮುಟ್ಟಿದ. ಮುಟ್ಟಿದರೆ ಅಲ್ಲೇ ಸೋಲುವ ಕಪ್ಪು ಪದ ಅದೇ ಆಗಿತ್ತು. ಮನೆಗೆ ಹೋಗುವವರೆಗೂ ನಕ್ಕೆವು, ಅವಳೊಬ್ಬಳನ್ನು ಬಿಟ್ಟು.

ಹೋದ ಶನಿವಾರ ಕಟಾನ್‌ನಲ್ಲಿ ನನಗೆ ಒಂಬತ್ತು ಅಂಕ. ಕೈಯಲ್ಲಿ ಅದಿರು ಮೂರು, ಗೋಧಿ ಒಂದು. ಇನ್ನೊಂದು ಗೋಧಿ ಸಿಕ್ಕರೆ ಊರು ಪಟ್ಟಣವಾಗಿ ಆಟ ನನ್ನದು. ಹುಬ್ಬಳ್ಳಿಯವನನ್ನು ಕೇಳಿದೆ, ಶಿರಸಿಯವಳನ್ನು ಕೇಳಿದೆ, ಗಂಡನನ್ನು ಕೇಳಿದೆ. ಬ್ಯಾಂಕಿಗೆ ಒಂದೇ ಬಗೆಯ ನಾಲ್ಕು ಕೊಟ್ಟರೆ ಬೇಕಾದ್ದು ಒಂದು ಸಿಗುತ್ತದೆ, ನನ್ನ ಹತ್ತಿರ ಕುರಿ ನಾಲ್ಕಿತ್ತು, ಅದು ಹೊಳೆಯಲೇ ಇಲ್ಲ. ಹೊಳೆಯುವಷ್ಟರಲ್ಲಿ ಶಿರಸಿಯವಳು ನಗುತ್ತಾ ಮರಳು ಗಡಿಯಾರ ತಿರುಗಿಸಿ ನನ್ನ ಮುಂದಿಟ್ಟಳು, ಅವಳ ಮೂರನೇ ಹಕ್ಕು. ನಾನು ಕಾರ್ಡ್ ನೋಡುವುದು ಬಿಟ್ಟು ಮರಳು ನೋಡುತ್ತಾ ಕೂತೆ. ಮುಂದಿನ ಸರದಿಯಲ್ಲಿ ಹುಬ್ಬಳ್ಳಿಯವನು ಗೆದ್ದ.

ಎಲ್ಲರೂ ಹೋದ ಮೇಲೆ ಪೆಟ್ಟಿಗೆ ಜೋಡಿಸಿದೆ. ಮರಳು ಗಡಿಯಾರ ಈಗ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಹಿಂದೆ ಇದೆ. ಮುಂದಿನ ತಿಂಗಳು ಯಾರಾದರೂ ಕೇಳಿದರೆ ಹುಡುಕುತ್ತೇನೆ.