ಉಚ್ಚೆ ಉಂಡೆ ಎಣಿಸಿ ನಮ್ಮ ಸೋಮನನ್ನು ಉಳಿಸಿಕೊಂಡಿದ್ದು

ಒಂದು ಸಲ ಉಚ್ಚೆ ಕಟ್ಟಿದ ಗಂಡು ಬೆಕ್ಕಿಗೆ ಮತ್ತೆ ಕಟ್ಟೇ ಕಟ್ಟುತ್ತದೆ, ಸುಮ್ನೆ ಉಚ್ಚೆ ದಾರಿ ಅಗಲ ಮಾಡುವ ಆಪರೇಷನ್ ಮಾಡಿಸಿಬಿಡು ಅಂತ ಬೆಕ್ಕು ಸಾಕುವ ಗೆಳೆಯರೆಲ್ಲ ಹೇಳಿದರು. ನಮ್ಮ ಬೆಕ್ಕು ಸೋಮನಿಗೆ ಎರಡನೇ ಸಲ ಕಟ್ಟಿದ ಮೇಲೆ ಮನೆಯಲ್ಲೂ ಅದೇ ಮಾತು. ಅದಾಗಿ ಈಗ ಎರಡು ವರ್ಷ ಕಳೆದಿದೆ. ಮೂರನೇ ಸಲ ಕಟ್ಟಿಲ್ಲ, ಆಪರೇಷನ್ನೂ ಆಗಿಲ್ಲ. ಹೇಗೆ ಮಾಡಿದೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ಮೈಸೂರಿನ ಇಟ್ಟಿಗೆಗೂಡಿನಲ್ಲಿ. ಮೂರು ಬೆಕ್ಕುಗಳು: ಸೋಮ, ಬೆಳ್ಳಿ, ಪುಟ್ಟಿ. ಸೋಮ ಬೀಜ ತೆಗೆಸಿದ ಗಂಡು, ಆಗ ನಾಲ್ಕು ವರ್ಷ, ತೂಕ 6 ಕೆಜಿ ದಾಟಿತ್ತು.

2022ರ ಆಷಾಢ. ಶುಕ್ರವಾರ, ಬೆಟ್ಟಕ್ಕೆ ಹೋಗುವ ಜನರ ಗಲಾಟೆ ಬೆಳಗಿನ ಜಾವದಿಂದಲೇ ಶುರುವಾಗಿತ್ತು, ನಮ್ಮ ಮನೆಯಲ್ಲೂ ಊರಿನಿಂದ ಬಂದ ಏಳೆಂಟು ಜನ ನೆಂಟರು. ಸೋಮ ಉಚ್ಚೆ ಮಾಡುವ ಟ್ರೇಗೆ ಹೋಗಿ ಕೂರುತ್ತಿದ್ದ, ಏನೂ ಬರುತ್ತಿರಲಿಲ್ಲ, ಹೊರಗೆ ಬಂದು ಅಲ್ಲೇ ನೆಕ್ಕಿಕೊಳ್ಳುತ್ತಿದ್ದ, ಮತ್ತೆ ಹೋಗುತ್ತಿದ್ದ. ನಾನು ಮಲಬದ್ಧತೆ ಅಂದುಕೊಂಡು ಒಂದು ಚಮಚ ತುಪ್ಪ ನೆಕ್ಕಿಸಿದೆ. ಸಂಜೆಗೆ ವಾಂತಿ. ರಾತ್ರಿ ಒಂಬತ್ತರ ಹೊತ್ತಿಗೆ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಮೂತ್ರಕೋಶ ಚೆಂಡಿನ ಹಾಗೆ ಗಟ್ಟಿಯಾಗಿದೆ, ಬೆಳಗ್ಗೆವರೆಗೆ ಕಾದಿದ್ದರೆ ಇವನು ಉಳಿಯುತ್ತಿದ್ದನೋ ಇಲ್ಲವೋ ಅಂದರು. ಕ್ಯಾಥೆಟರ್, ಮೂರು ದಿನ ಡ್ರಿಪ್, ರಕ್ತ ಪರೀಕ್ಷೆ, ಸ್ಕ್ಯಾನು ಎಲ್ಲ ಸೇರಿ ಹನ್ನೊಂದು ಹನ್ನೆರಡು ಸಾವಿರ ಆಯಿತು. ಆ ತುಪ್ಪ ತಿನ್ನಿಸಿ ಕಳೆದ ಹತ್ತು ಗಂಟೆ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗಂಡು ಬೆಕ್ಕು ತಿಣುಕುತ್ತಿದ್ದು ಉಚ್ಚೆ ಬರುತ್ತಿಲ್ಲ ಅಂದರೆ ಮನೆಮದ್ದು ಇಲ್ಲ. ಹೊಟ್ಟೆ ಒತ್ತಿ ನೋಡುವುದೂ ಬೇಡ, ಮೂತ್ರಕೋಶ ಒಡೆದುಹೋಗಬಹುದು. ಆಟೋ ಹತ್ತಿ ಡಾಕ್ಟರ ಹತ್ತಿರ ಹೋಗಿ, ಅಷ್ಟೇ. ನಾನು ಹೇಳುವುದೆಲ್ಲ ಕಟ್ಟದ ಹಾಗೆ ನೋಡಿಕೊಳ್ಳುವುದರ ಬಗ್ಗೆ.

ಸ್ಕ್ಯಾನಿನಲ್ಲಿ ಕಲ್ಲು ಇರಲಿಲ್ಲ. ಮರಳಿನಂಥ ಸಣ್ಣ ಹರಳು ಸ್ವಲ್ಪ. ಹೆದರಿಕೆ, ಗಾಬರಿಯಿಂದಲೂ ಹೀಗಾಗುತ್ತದೆ, ಅವನ ಮನಸ್ಸಿನ ಒತ್ತಡ ಕಡಿಮೆ ಮಾಡಿ, ನೀರು ಜಾಸ್ತಿ ಕುಡಿಸಿ ಅಂದರು. ಬೆಕ್ಕಿಗೆ ನೀರು ಕುಡಿಸಿ ಅಂತ ಹೇಳುವುದು ಸುಲಭ, ಅಲ್ವಾ?

ಮುಂದಿನ ಒಂದು ವರ್ಷ ದುಡ್ಡು ಸುರಿದಿದ್ದೇ ಬಂತು. ಉಚ್ಚೆ ತೊಂದರೆಗೇ ಅಂತ ಮಾಡಿದ ಒಣ ಫುಡ್ಡು, ಒಂದೂವರೆ ಕೆಜಿ ಚೀಲಕ್ಕೆ 1,800ರ ಆಸುಪಾಸು, ಆರು ಚೀಲ ತಂದೆ. ತಿಂದ, ಆದರೆ ನೀರಿನ ಬಟ್ಟಲು ಮುಟ್ಟಲಿಲ್ಲ. ಕಾರಂಜಿ ಥರ ನೀರು ಚಿಮ್ಮುವ ಬಟ್ಟಲು, 2,400. ಅದರ ಮೋಟರು ಸದ್ದಿಗೆ ಹೆದರಿ ಅಡುಗೆಮನೆಗೇ ಬರುವುದು ಬಿಟ್ಟ, ಬೆಳ್ಳಿ ಮಾತ್ರ ಇವತ್ತಿಗೂ ಅದರಲ್ಲೇ ಕುಡಿಯುತ್ತಾಳೆ. ಆಮೇಲೆ ಮನೆಯಲ್ಲೇ ಕೋಳಿ ಅನ್ನ ಬೇಯಿಸಿ ಹಾಕಿದೆ, ಎರಡು ತಿಂಗಳು. ಡಾಕ್ಟರು ಬೈದರು. ಬೆಕ್ಕಿಗೆ ಟಾರಿನ್ ಅನ್ನುವ ಪೋಷಕಾಂಶ ಬೇಕು, ಬರೀ ಕೋಳಿ ಅನ್ನ ತಿಂದರೆ ಮುಂದೆ ಹೃದಯ, ಕಣ್ಣು ಎರಡಕ್ಕೂ ಪೆಟ್ಟು ಅಂದರು. ಅದನ್ನೂ ಬಿಟ್ಟೆ.

ಇನ್ನೊಂದು, ಫಿನಾಯಿಲ್. ಸೋಮ ಆಗಾಗ ಟ್ರೇ ಬಿಟ್ಟು ಸೋಫಾ ಮೂಲೆಯಲ್ಲಿ ಉಚ್ಚೆ ಹೊಯ್ಯುತ್ತಿದ್ದ. ನಮ್ಮಮ್ಮ ದಿನಾ ಅಲ್ಲಿ ಫಿನಾಯಿಲ್ ಹಾಕಿ ಒರೆಸುತ್ತಿದ್ದರು. ಆ ಜಾತಿಯ ದ್ರವ ಬೆಕ್ಕಿನ ಮೈಗೆ ವಿಷ, ಅದರ ಲಿವರ್ರಿಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಇಲ್ಲ. ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಹೊಟ್ಟೆಗೆ ಹೋಯಿತು. ಅಮ್ಮನನ್ನು ಒಪ್ಪಿಸುವುದಕ್ಕೆ ಮೂರು ವಾರ ಬೇಕಾಯಿತು, ನಲವತ್ತು ವರ್ಷ ಫಿನಾಯಿಲ್ ಹಾಕಿ ಒರೆಸಿದ ಕೈ ಅದು. ಈಗ ಬಿಸಿನೀರು, ಸೋಪಿನ ಪುಡಿ, ಆಮೇಲೆ ಉಚ್ಚೆ ವಾಸನೆ ತೆಗೆಯುವ ಎಂಜೈಮ್ ಸ್ಪ್ರೇ.

2023ರ ದಸರಾಕ್ಕೆ ಮುಂಚೆ ಎರಡನೇ ಸಲ ಕಟ್ಟಿತು. ಒಂಬತ್ತು ಸಾವಿರ. ಆಪರೇಷನ್ನಿಗೆ ಮೂವತ್ತೈದು ನಲವತ್ತು ಆಗುತ್ತದೆ, ಬೆಂಗಳೂರಿಗೆ ಹೋಗಬೇಕು ಅಂದರು.

ಅವತ್ತು ರಾತ್ರಿ ಎರಡೂ ಬಿಲ್ಲು ಪಕ್ಕಪಕ್ಕ ಇಟ್ಟು ತಾರೀಕು ನೋಡಿದೆ. ಮೊದಲನೆಯದು ಆಷಾಢ ಶುಕ್ರವಾರ, ಮನೆ ತುಂಬ ನೆಂಟರು. ಎರಡನೆಯದು ಕುಶಾಲತೋಪಿನ ತಾಲೀಮಿನ ಮಾರನೇ ದಿನ. ಮೈಸೂರಿನವರಿಗೆ ಗೊತ್ತು, ಜಂಬೂಸವಾರಿ ದಿನ 21 ಸಲ ತೋಪು ಹಾರಿಸುತ್ತಾರೆ, ಆನೆ ಕುದುರೆಗಳು ಬೆದರದಿರಲಿ ಅಂತ ಅದಕ್ಕೂ ಮುಂಚೆ ಅವುಗಳನ್ನು ನಿಲ್ಲಿಸಿಕೊಂಡು ಹಾರಿಸಿ ಅಭ್ಯಾಸ ಮಾಡಿಸುತ್ತಾರೆ. ವಸ್ತುಪ್ರದರ್ಶನದ ಆವರಣದಲ್ಲಿ ತೋಪು ಹಾರಿದರೆ ಇಟ್ಟಿಗೆಗೂಡಿನ ಕಿಟಕಿ ಗಾಜು ಅದುರುತ್ತದೆ. ಆನೆಗೆ ತಾಲೀಮು ಮಾಡಿಸಬಹುದಾದರೆ ಬೆಕ್ಕಿಗೆ ಯಾಕೆ ಆಗಬಾರದು ಅಂತ ಆಗಲೇ ಹೊಳೆದಿದ್ದು. ನಮ್ಮ ಭಾವನಿಗೆ ಹೇಳಿದರೆ, ಬೆಕ್ಕಿಗೆ ತೋಪಿನ ತಾಲೀಮಾ ಅಂತ ನಕ್ಕರು. ಅವರು ಈಗ ತಮ್ಮ ಬೆಕ್ಕಿಗೂ ಮಾಡಿಸುತ್ತಿದ್ದಾರೆ.

ಮೊದಲು ಎಣಿಕೆ, ಅದೇ ಇಡೀ ವಿಧಾನದ ಬೆನ್ನುಮೂಳೆ. ಟ್ರೇಯಲ್ಲಿ ಹಾಸುವ ಲಿಟರ್, ಉಚ್ಚೆ ಬಿದ್ದ ಕಡೆ ಉಂಡೆ ಕಟ್ಟುವ ಮಣ್ಣಿನದಾದರೆ ಮಾತ್ರ ಎಣಿಸಲು ಆಗುತ್ತದೆ. ದುಡ್ಡು ಉಳಿಸೋಣ ಅಂತ ನಾನು ಬೇರೆಲ್ಲ ನೋಡಿಬಿಟ್ಟಿದ್ದೆ. ಮರದ ಮಿಲ್ಲಿನ ಹೊಟ್ಟು ಮೂಟೆಗೆ 60 ರೂಪಾಯಿ, ಮನೆಯೆಲ್ಲ ಧೂಳು, ಪುಟ್ಟಿಗೆ ಸೀನು. ಮಂಡ್ಯದಲ್ಲಿ ನಮ್ಮ ಮಾವನ ಊರಿನ ಆಲೆಮನೆಯಿಂದ ಕಬ್ಬಿನ ಸಿಪ್ಪೆ ತಂದು, ಒಣಗಿಸಿ, ಕತ್ತರಿಸಿ ಹಾಕಿದೆ. ವಾಸನೆ ಚೆನ್ನಾಗಿ ಹೀರುತ್ತಿತ್ತು, ಆದರೆ ಅದರಲ್ಲಿ ಉಳಿದ ಸಿಹಿಗೆ ಎರಡನೇ ದಿನವೇ ಇರುವೆ ಸಾಲು. ಮೂರು ಸಲ ತೊಳೆದು ಒಣಗಿಸಿ ನೋಡಿದೆ, ಆಗ ಇರುವೆ ಕಮ್ಮಿ ಆಯಿತು, ಆದರೆ ಅಷ್ಟು ಕೆಲಸ ಯಾರು ಮಾಡುತ್ತಾರೆ? ತೆಂಗಿನ ನಾರಿನ ಪುಡಿ ಅಗ್ಗ, ಚೆನ್ನಾಗೂ ಇದೆ, ಆರೋಗ್ಯವಾಗಿರುವ ಬೆಕ್ಕಿಗೆ ಇವತ್ತಿಗೂ ಅದನ್ನೇ ಹೇಳುತ್ತೇನೆ. ಆದರೆ ಉಂಡೆ ಕಟ್ಟುವುದಿಲ್ಲ. ಎಲ್ಲ ಒಂದೇ ಒದ್ದೆ. ಸೋಮನಿಗೆ ಮಣ್ಣೇ ಬೇಕಾಯಿತು, ತಿಂಗಳಿಗೆ 700 ರೂಪಾಯಿ.

ಮೂರು ಬೆಕ್ಕಿರುವಾಗ ಯಾರ ಉಂಡೆ ಅಂತ ಹೇಗೆ ಗೊತ್ತಾಗುತ್ತದೆ? ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸೋಮ ನನ್ನ ಕೋಣೆಯಲ್ಲಿ, ಅವನದೇ ಟ್ರೇ. ಬೆಳಗ್ಗೆ ಇರುವ ಉಂಡೆ ಅವನದು. ಒಂದು ಅಥವಾ ಎರಡು, ದೊಡ್ಡ ನಿಂಬೆಹಣ್ಣಿನ ಗಾತ್ರ ಇದ್ದರೆ ನೆಮ್ಮದಿ. ಗೋಲಿ ಗಾತ್ರದ್ದು ಮೂರು ನಾಲ್ಕು ಇದ್ದರೆ ಎಚ್ಚರ, ಕಟ್ಟುವುದಕ್ಕೆ ಮುಂಚೆ ಉರಿ ಶುರುವಾಗಿದೆ ಅಂತ ಅರ್ಥ. ಏನೂ ಇಲ್ಲದಿದ್ದರೆ ಅವತ್ತು ಆಫೀಸಿಗೆ ರಜೆ, ನೇರ ಡಾಕ್ಟರ ಹತ್ತಿರ. ಕ್ಯಾಲೆಂಡರಿನ ಮೇಲೆ 'ನಿ', 'ಗೋ' ಅಂತ ಬರೆಯುತ್ತಾ ಬಂದೆ. ಎರಡು ವರ್ಷದ ಕ್ಯಾಲೆಂಡರು ನನ್ನ ಹತ್ತಿರ ಇದೆ. ಡಾಕ್ಟರು ಅದರ ಫೋಟೋ ತೆಗೆದುಕೊಂಡರು, ಬೇರೆಯವರಿಗೆ ತೋರಿಸುತ್ತಾರಂತೆ.

ನೀರಿಗೆ ನಾನು ಕಂಡುಕೊಂಡ ದಾರಿ ಸರಳ, ಬಟ್ಟಲಿನ ಮೇಲಿನ ಆಸೆ ಬಿಟ್ಟು ಊಟದಲ್ಲೇ ನೀರು ಸೇರಿಸಿದೆ. ಒಣ ಫುಡ್ಡಿನಲ್ಲಿ ನೂರಕ್ಕೆ ಹತ್ತರಷ್ಟು ನೀರಿದ್ದರೆ ಹೆಚ್ಚು, ಪೊಟ್ಟಣದ ಒದ್ದೆ ಫುಡ್ಡಿನಲ್ಲಿ ಎಂಬತ್ತರ ಹತ್ತಿರ. ಕೆಜಿಗೆ 50 ಎಂಎಲ್ ಲೆಕ್ಕದಲ್ಲಿ, ಈಗಿನ 5.4 ಕೆಜಿ ತೂಕಕ್ಕೆ ಅವನಿಗೆ ದಿನಕ್ಕೆ ಸುಮಾರು 270 ಎಂಎಲ್ ಬೇಕು. ದಿನಕ್ಕೆ ಎರಡು ಪೊಟ್ಟಣ, ಒಂದು ಹಿಡಿ ಒಣ ಫುಡ್ಡು ನೆನೆಸಿ, ಮೇಲೆ ಕೋಳಿ ಬೇಯಿಸಿದ ನೀರು. ಆ ನೀರಿಗೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಬೀಳಬಾರದು, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತವೆ. ನಾನು ಕಡೆಯಲ್ಲಿ ಒಂದು ಪದಾರ್ಥ ಚಿಟಿಕೆಯಷ್ಟು ಉದುರಿಸುತ್ತೇನೆ, ಅದರ ವಾಸನೆಗೆ ಮೂರೂ ಓಡಿ ಬರುತ್ತವೆ. ಅದೇನು ಅಂತ ಈಗ ಹೇಳುವುದಿಲ್ಲ, ಇನ್ನೂ ಎರಡು ಬೆಕ್ಕಿನ ಮೇಲೆ ನೋಡಬೇಕು. ತಿಂಗಳಿಗೆ ಊಟದ ಖರ್ಚು ಎರಡೂವರೆ ಸಾವಿರ ಏರಿತು. ತೂಕ ಮಾತ್ರ ಎಂಟು ತಿಂಗಳಲ್ಲಿ 6.2ರಿಂದ 5.4ಕ್ಕೆ ಇಳಿಯಿತು. ಬೇಗ ಇಳಿಸೋಣ ಅಂತ ಉಪವಾಸ ಹಾಕಬೇಡಿ, ದಪ್ಪ ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಲಿವರ್ರಿಗೆ ಕೊಬ್ಬು ಏರುತ್ತದೆ.

ಇನ್ನು ತಾಲೀಮು. 2023ರ ವಿಜಯದಶಮಿ ದಿನ ತಾರಸಿ ಮೇಲೆ ನಿಂತು ತೋಪಿನ ಸದ್ದು ರೆಕಾರ್ಡ್ ಮಾಡಿಕೊಂಡೆ. ಮೊಬೈಲಿನಲ್ಲಿ ಹಾಕಿದರೆ ಡಬ್ಬ ಬಡಿದ ಹಾಗೆ ಕೇಳುತ್ತದೆ, ಆ ಗುಡುಗುವ ದಪ್ಪ ಸದ್ದು ಬರುವುದಿಲ್ಲ. ಅದನ್ನೇ ಎರಡು ವಾರ ಕೇಳಿಸಿ ಸಮಯ ಹಾಳು ಮಾಡಿದೆ. ಆಮೇಲೆ ತಂಗಿಯ ಮನೆಯಿಂದ ಹೋಮ್ ಥಿಯೇಟರ್ ತಂದೆ. ಊಟ ಹಾಕುವ ಹೊತ್ತಿಗೆ, ನಮಗೇ ಕೇಳಿಯೂ ಕೇಳದ ಹಾಗೆ. ನಾಲ್ಕು ದಿನಕ್ಕೊಮ್ಮೆ ವಾಲ್ಯೂಮ್ ಒಂದು ಗೆರೆ ಜಾಸ್ತಿ. ಕಿವಿ ತಿರುಗಿಸಿದರೆ ಪರವಾಗಿಲ್ಲ, ತಿನ್ನುವುದು ನಿಲ್ಲಿಸಿದರೆ ಎರಡು ಗೆರೆ ಕೆಳಗೆ. ಒಂದು ಸಲ ಆತುರದಲ್ಲಿ ಒಟ್ಟಿಗೆ ಐದು ಗೆರೆ ಏರಿಸಿದೆ. ಸೋಮ ಬೀರುವಿನ ಕೆಳಗೆ ಸೇರಿ ಇಡೀ ದಿನ ಹೊರಗೆ ಬರಲಿಲ್ಲ, ಮಾರನೇ ದಿನ ಕ್ಯಾಲೆಂಡರಿನಲ್ಲಿ ಎರಡು 'ಗೋ'. ಮತ್ತೆ ಮೊದಲಿನಿಂದ ಶುರು ಮಾಡಿದೆ. ಒಟ್ಟು ಐದಾರು ತಿಂಗಳು ಹಿಡಿಯಿತು. ನೆಂಟರಿಗೂ ನಿಯಮ ಬಂತು, ನನ್ನ ಕೋಣೆಗೆ ಯಾರೂ ಹೋಗುವಂತಿಲ್ಲ. ಟ್ರೇ ಮೂರಿದ್ದುದು ನಾಲ್ಕಾಯಿತು, ಬೆಕ್ಕಿಗಿಂತ ಒಂದು ಜಾಸ್ತಿ ಅನ್ನುವುದು ನಿಮಗೆಲ್ಲ ಗೊತ್ತಿರುವುದೇ.

ಮಧ್ಯೆ ಕುಪ್ಪಿಗಿಡದ ಬೇರು ಕೂಡ ನೋಡಿದೆ. ಹಿತ್ತಿಲಲ್ಲಿ ಕಳೆಯ ಥರ ಬೆಳೆಯುತ್ತದಲ್ಲ, ಅದೇ. ಕಿತ್ತು ತೊಳೆದು ಇಟ್ಟರೆ ಬೆಳ್ಳಿ ಜೊಲ್ಲು ಸುರಿಸಿ ಅದರ ಮೇಲೆ ಉರುಳಾಡುತ್ತಾಳೆ. ತಾಲೀಮಿನ ಮೇಲೆ ಸೋಮನಿಗೆ ಇದೇ ಬಹುಮಾನ ಅಂದುಕೊಂಡಿದ್ದೆ. ಅವನು ಮೂಸಿ ನೋಡಿ ಎದ್ದು ಹೋದ. ಪುಟ್ಟಿಗೂ ಅಷ್ಟೇ.

ಪುಟ್ಟಿಯದು ಬೇರೆ ಕಥೆ. ಬಾಲದ ಕೆಳಗೆ ಅಕ್ಕಿ ಕಾಳಿನಂಥದ್ದು ಅಂಟಿರುತ್ತಿತ್ತು. ಮೂರು ಸಲ ಜಂತುಹುಳದ ಮಾತ್ರೆ ಹಾಕಿದರೂ ಮತ್ತೆ ಬಂತು. ಚಿಗಟ ಹೋಗುವ ತನಕ ಆ ಲಾಡಿಹುಳ ಹೋಗುವುದಿಲ್ಲ ಅಂತ ಆಮೇಲೆ ತಿಳಿಯಿತು. ಚಿಗಟಕ್ಕೆ ನಾಯಿಯ ಔಷಧಿ ಮಾತ್ರ ಹಾಕಬೇಡಿ, ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕು ಸಾಯಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಕೂಡ ಹಾಗೇ, ಒಂದೇ ಮಾತ್ರೆ ಸಾಕು. ನಮ್ಮ ಬೀದಿಯಲ್ಲೇ ಒಂದು ಹೀಗೆ ಹೋಯಿತು.

2024ರ ಅಕ್ಟೋಬರ್ 12, ವಿಜಯದಶಮಿ. ನಾನು ಜಂಬೂಸವಾರಿ ಟಿವಿಯಲ್ಲೂ ನೋಡಲಿಲ್ಲ, ಸೋಮನ ಮುಂದೆ ಕೂತಿದ್ದೆ. ಮೊದಲ ತೋಪಿಗೆ ತಲೆ ಎತ್ತಿದ. ಮೂರನೆಯದಕ್ಕೆ ಮತ್ತೆ ತಟ್ಟೆಗೆ ಬಾಯಿ ಹಾಕಿದ. ಮಾರನೇ ಬೆಳಗ್ಗೆ ಎರಡು 'ನಿ'. ನಾನು ಅತ್ತುಬಿಟ್ಟೆ. ಈ ವರ್ಷ ತಲೆಯನ್ನೂ ಎತ್ತಲಿಲ್ಲ. ಈಗ ನಮ್ಮ ಬೀದಿಯಲ್ಲಿ ಯಾರ ಬೆಕ್ಕು ಮಂಕಾದರೂ ಮೊದಲು ನನ್ನ ಹತ್ತಿರ ಬರುತ್ತಾರೆ.

ದೀಪಾವಳಿ ಇನ್ನೂ ಕೈಗೆ ಸಿಕ್ಕಿಲ್ಲ. ತೋಪು ಒಂದೇ ಥರ ಗುಡುಗುತ್ತದೆ, ಪಟಾಕಿ ಹಾಗಲ್ಲ. ಅದರಲ್ಲೂ ಸುಯ್ ಅಂತ ಏರುವ ರಾಕೆಟ್ಟಿಗೆ ಅವನು ನಡುಗುತ್ತಾನೆ. ಈ ಸಲ ಬಲಿಪಾಡ್ಯಮಿ ಮಾರನೇ ದಿನ ಮೂರು 'ಗೋ' ಬಂತು, ಎಂಟು ಗಂಟೆಗೆಲ್ಲ ಡಾಕ್ಟರ ಹತ್ತಿರ ಇದ್ದೆ. ಮೂತ್ರಕೋಶ ಮೆತ್ತಗಿತ್ತು, ನೋವಿನ ಇಂಜೆಕ್ಷನ್ ಕೊಟ್ಟು ಕಳಿಸಿದರು, 450 ರೂಪಾಯಿ. ಮೂರು ದಿನಕ್ಕೆ ನಿಂಬೆಹಣ್ಣು ವಾಪಸ್. ರಾಕೆಟ್ಟಿನ ಸದ್ದು ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದೇನೆ, ಸಂಕ್ರಾಂತಿ ಮುಗಿದ ಮೇಲೆ ಶುರು ಮಾಡಬೇಕು.