ಟ್ಯಾಪೆಟ್ ಟಕಟಕ: ಬಾಟಲಿ ಸುರಿಯುವ ಮೊದಲು ನಾನು ನೋಡುವುದು

ಗ್ಯಾರೇಜಿಗೆ ಬರುವವರು ಗಾಡಿ ಆಫ್ ಮಾಡುವ ಮೊದಲೇ ಕೇಳುತ್ತಾರೆ: "ಟ್ಯಾಪೆಟ್ ಸೌಂಡ್ ಬರ್ತಿದೆ, ಯಾವ ಅಡಿಟಿವ್ ಹಾಕಿದ್ರೆ ಹೋಗುತ್ತೆ?" ಟ್ಯಾಪೆಟ್ ಅಂದರೆ ಇಂಜಿನ್‌ನ ವಾಲ್ವ್ ಒತ್ತಿ ತೆರೆಯುವ ಭಾಗ; ಅಡಿಟಿವ್ ಅಂದರೆ ಇಂಜಿನ್ ಆಯಿಲ್‌ಗೆ ಬೆರೆಸುವ ಬಾಟಲಿ ಔಷಧ. ನಾನು ಬಾಟಲಿಯ ಹೆಸರು ಹೇಳುವುದಿಲ್ಲ, ತಿರುಗಿ ಕೇಳುತ್ತೇನೆ. ಸೌಂಡ್ ಯಾವಾಗ ಬರುತ್ತೆ? ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲಾ, ಬಿಸಿಯಾದ ಮೇಲಾ, ಹೈವೇನಲ್ಲಿ ಜೋರಾಗಿ ಓಡಿಸುವಾಗಲಾ? ಸದ್ದು ಹೇಗಿದೆ ಅನ್ನುವುದಕ್ಕಿಂತ ಯಾವ ಹೊತ್ತಿಗೆ ಬರುತ್ತದೆ ಅನ್ನುವುದರಿಂದ ನನಗೆ ಜಾಸ್ತಿ ಗೊತ್ತಾಗುತ್ತದೆ.

ಶಿವಮೊಗ್ಗದಲ್ಲಿ ನಮ್ಮ ಗ್ಯಾರೇಜಿಗೆ ಬಂದ ಒಂದು ಹುಂಡೈ ಅಕ್ಸೆಂಟ್ ವಿಷಯ ಹೇಳುತ್ತೇನೆ. 1.5 ಪೆಟ್ರೋಲ್ ಗಾಡಿ. ರಿಟೈರ್ ಆದ ಮೇಷ್ಟ್ರದ್ದು. ಮನೆಯಿಂದ ಮಾರ್ಕೆಟ್, ಮಾರ್ಕೆಟ್‌ನಿಂದ ಮನೆ, ಅಷ್ಟೇ ಓಡಾಟ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಹಳ ಹೊತ್ತು ಟಕಟಕ. ಬಿಸಿಯಾದರೆ ಕಡಿಮೆಯಾಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ಬೇರೆ ಕಡೆ ಯಾರೋ ಆಗಲೇ ಒಂದು ಬಾಟಲಿ ಸುರಿದಿದ್ದರು. "ಅದನ್ನ ಹಾಕಿದ ಮೇಲೆ ಬೆಳಿಗ್ಗೆ ಸದ್ದು ಇನ್ನೂ ಜಾಸ್ತಿ ಆಯ್ತಪ್ಪಾ" ಅಂದರು ಮೇಷ್ಟ್ರು. ಈ ಮಾತು ನನಗೆ ಬಹಳ ಉಪಯೋಗಕ್ಕೆ ಬಂತು. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಈ ಇಂಜಿನ್‌ನಲ್ಲಿ 12 ವಾಲ್ವ್. ವಾಲ್ವ್ ಒತ್ತುವ ರಾಕರ್ ಆರ್ಮ್ ಎಂಬ ಪುಟ್ಟ ತೋಳಿನ ತುದಿಯಲ್ಲೇ ಹೈಡ್ರಾಲಿಕ್ ಲಿಫ್ಟರ್, ಅಂದರೆ ಆಯಿಲ್ ತುಂಬಿಕೊಂಡು ಕೆಲಸ ಮಾಡುವ ಟ್ಯಾಪೆಟ್, ಕೂತಿರುತ್ತದೆ. ಅದರೊಳಗೆ ಸಿರಿಂಜಿನಲ್ಲಿ ಇರುವ ಹಾಗೆ ಒಂದು ಪ್ಲಂಜರ್, ಕೆಳಗೆ ಸ್ಪ್ರಿಂಗ್, ಒಂದು ಪುಟ್ಟ ಗುಂಡು. ಆಯಿಲ್ ಒಳಗೆ ಬರುತ್ತದೆ, ಗುಂಡು ಅದನ್ನು ವಾಪಸ್ ಹೋಗಲು ಬಿಡುವುದಿಲ್ಲ. ಹಾಗಾಗಿ ರಾಕರ್‌ಗೂ ವಾಲ್ವ್‌ಗೂ ನಡುವೆ ಸಂದು ಉಳಿಯುವುದಿಲ್ಲ. ಆಯಿಲ್ ಸಾಕಷ್ಟು ಬರದಿದ್ದರೆ, ಬಂದ ಆಯಿಲ್‌ನಲ್ಲಿ ಗಾಳಿ ಇದ್ದರೆ, ಪ್ಲಂಜರ್‌ಗೆ ಕೊಳೆ ಮೆತ್ತಿಕೊಂಡರೆ ಸಂದು ಉಳಿದುಬಿಡುತ್ತದೆ. ಆಗ ಪ್ರತಿ ಸಲ ವಾಲ್ವ್ ತೆರೆಯುವಾಗಲೂ ಟಕ್ ಅನ್ನುತ್ತದೆ.

ಮೊದಲು ಅದು ನಿಜವಾಗಲೂ ಲಿಫ್ಟರ್ ಸದ್ದೇನಾ ಅಂತ ನೋಡಬೇಕು. ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ತಿರುಗುವುದು, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ. 800 ಆರ್‌ಪಿಎಂನಲ್ಲಿ (ಕ್ರ್ಯಾಂಕ್ ನಿಮಿಷಕ್ಕೆ 800 ಸುತ್ತು) ಒಂದು ವಾಲ್ವ್ ನಿಮಿಷಕ್ಕೆ 400 ಸಲ ತೆರೆಯುತ್ತದೆ, ಅಂದರೆ ಸೆಕೆಂಡಿಗೆ ಆರೇಳು ಟಿಕ್. ಕಿವಿ ಪಳಗಿದರೆ ಈ ಲಯ ಗೊತ್ತಾಗುತ್ತದೆ. ಬೇರಿಂಗ್ ನಾಕಿಂಗ್, ಅಂದರೆ ಸವೆದ ಕ್ರ್ಯಾಂಕ್ ಬೇರಿಂಗ್ ಬಡಿಯುವ ಸದ್ದು, ಹೀಗಿರಲ್ಲ. ಅದು ಕೆಳಗಿನಿಂದ ಬರುತ್ತದೆ, ದಪ್ಪ ಸದ್ದು, ಲೋಡ್ ಬಿದ್ದಾಗ ಜೋರಾಗುತ್ತದೆ. ಉದ್ದ ಸ್ಕ್ರೂಡ್ರೈವರ್‌ನ ತುದಿಯನ್ನು ಟ್ಯಾಪೆಟ್ ಕವರ್ ಮೇಲೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತೇನೆ. ಫ್ಯಾನ್, ಬೆಲ್ಟ್ ಹತ್ತಿರ ಹುಷಾರಾಗಿರಬೇಕು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ವಯರ್ ಕನೆಕ್ಟರ್ ಒಂದೊಂದೇ ತೆಗೆದೂ ನೋಡುತ್ತೇನೆ. ಇಂಜೆಕ್ಟರ್ ಸದ್ದಾದರೆ ಆ ಜಾಗದಲ್ಲಿ ನಿಂತುಹೋಗುತ್ತದೆ. ಬೇರಿಂಗ್ ಸದ್ದಾದರೆ ಕಡಿಮೆಯಾಗುತ್ತದೆ. ಲಿಫ್ಟರ್ ಸದ್ದು ಮಾತ್ರ ಹಾಗೇ ಇರುತ್ತದೆ. ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಗ್ಯಾಸ್ಕೆಟ್ ಲೀಕ್ ಆದರೂ ಇಂಥದ್ದೇ ಟಿಕ್ ಟಿಕ್ ಬರುತ್ತದೆ, ಬಿಸಿಯಾದರೆ ಕಡಿಮೆಯೂ ಆಗುತ್ತದೆ. ಎಷ್ಟೋ ಜನ ಇಲ್ಲಿ ಮೋಸ ಹೋಗಿ ಸುಮ್ನೆ ಹೆಡ್ ಬಿಚ್ಚಿಸುತ್ತಾರೆ. ಆ ಗ್ಯಾಸ್ಕೆಟ್ ಹತ್ತಿರ ಕಪ್ಪು ಮಸಿ ಹಿಡಿದಿದ್ದರೆ ಗುರುತು ಸಿಗುತ್ತದೆ.

ಇನ್ನು ಆ "ಯಾವಾಗ" ಅನ್ನುವ ಪ್ರಶ್ನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಸೆಕೆಂಡ್ ಟಕಟಕ ಬಂದು ನಿಂತರೆ ಹೆದರಬೇಕಿಲ್ಲ. ರಾತ್ರಿಯೆಲ್ಲ ಕೆಳಗೆ ಇಳಿದ ಆಯಿಲ್ ಮತ್ತೆ ಮೇಲೆ ಬರುವವರೆಗೆ ಅಷ್ಟು ಸದ್ದು ಸಹಜ. ಅದು ಜಾಸ್ತಿ ಹೊತ್ತು ಇದ್ದರೆ ಫಿಲ್ಟರ್ ಮೇಲೆ ಅನುಮಾನ. ಒಳ್ಳೆ ಫಿಲ್ಟರ್‌ನಲ್ಲಿ ಆಯಿಲ್ ವಾಪಸ್ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ, ಕಳಪೆ ಫಿಲ್ಟರ್‌ನಲ್ಲಿ ಅದು ಸರಿಯಾಗಿ ಕೂರುವುದಿಲ್ಲ. ತಣ್ಣಗಿದ್ದಾಗ ಸುಮ್ಮನಿದ್ದು, ಬಿಸಿಯಾಗಿ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ನಿಧಾನಕ್ಕೆ ತಿರುಗುವಾಗ) ಸದ್ದು ಬಂದರೆ ಆಯಿಲ್ ಪ್ರೆಶರ್ ಕಡಿಮೆ ಅಂತ ಅನುಮಾನಿಸುತ್ತೇನೆ. ಇದನ್ನು ಮಾತ್ರ ಹಗುರವಾಗಿ ತಗೋಬೇಡಿ. ಜೋರಾಗಿ ಓಡಿಸಿದಾಗ ಮಾತ್ರ ಬಂದರೆ ಆಯಿಲ್‌ನಲ್ಲಿ ಗಾಳಿ ಸೇರುತ್ತಿರಬಹುದು. ಲೆವೆಲ್ ಕಡಿಮೆಯಾದರೂ ಹಾಗಾಗುತ್ತದೆ, ಜಾಸ್ತಿಯಾದರೂ ಆಗುತ್ತದೆ. ಜಾಸ್ತಿಯಾದರೆ ಕ್ರ್ಯಾಂಕ್ ಆಯಿಲ್ ಅನ್ನು ಕಡೆದು ನೊರೆ ಮಾಡುತ್ತದೆ. ಎಲ್ಲ ಹೊತ್ತೂ ಒಂದೇ ಜಾಗದಿಂದ ಬಂದರೆ ಆ ಲಿಫ್ಟರ್ ಸಿಕ್ಕಿಹಾಕಿಕೊಂಡಿದೆ, ಇಲ್ಲವೇ ಸವೆದಿದೆ.

ಮೇಷ್ಟ್ರ ಗಾಡಿಯ ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಮೇಲಿನ ಗೆರೆ ದಾಟಿತ್ತು. ಲೆವೆಲ್ ಸರಿಯಿದ್ದ ಆಯಿಲ್ ಮೇಲೇ ಬಾಟಲಿ ಸುರಿದಿದ್ದರು. ಅದು ಆಯಿಲ್ ಅನ್ನು ದಪ್ಪ ಮಾಡುವ ಜಾತಿಯದ್ದು. ದಪ್ಪ ಆಯಿಲ್ ಬೆಳಗಿನ ಚಳಿಗೆ ಲಿಫ್ಟರ್‌ನ ಸಣ್ಣ ತೂತಿಗೆ ಬೇಗ ಹೋಗುವುದಿಲ್ಲ. ಬೆಳಗಿನ ಸದ್ದು ಹೆಚ್ಚಿದ್ದು ಅದಕ್ಕೇ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಕಂದು ಬಣ್ಣದ ಮಡ್ಡಿ. ಕಿಲೋಮೀಟರ್ ಆಗಿಲ್ಲ ಅಂತ ಆಯಿಲ್ ಬದಲಿಸದೆ ವರ್ಷಗಳೇ ಕಳೆದಿದ್ದವು. ಹತ್ತಿರ ಹತ್ತಿರ ಓಡಿಸಿದರೆ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗೆ ಸೇರಿದ ನೀರಿನ ಹನಿ, ಪೆಟ್ರೋಲ್ ಆರಿಹೋಗುವುದಿಲ್ಲ. ಮಡ್ಡಿ ಕಟ್ಟುವುದು ಹೀಗೆ.

ಆದರೂ ಪ್ರೆಶರ್ ನೋಡದೆ ಮುಂದೆ ಹೋಗಲಿಲ್ಲ. ಆಯಿಲ್ ಪ್ರೆಶರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜ್ ಹಾಕಿದೆ. ಡ್ಯಾಶ್‌ಬೋರ್ಡ್‌ನ ಕೆಂಪು ಲೈಟ್ ನಂಬಿಕೊಂಡು ಕೂರಬಾರದು, ಅದು ಹತ್ತುವುದು ಪ್ರೆಶರ್ ತೀರಾ ಬಿದ್ದುಹೋದ ಮೇಲೆ. ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ (ಪ್ರೆಶರ್ ಅಳತೆ) ಅನ್ನುವುದು ನಮ್ಮ ಕೆಲಸದಲ್ಲಿ ಬಳಸುವ ಹಳೆಯ ಅಂದಾಜು. ಇಂಜಿನ್ ಬಿಸಿಯಾದ ಮೇಲೂ ಪ್ರೆಶರ್ ಚೆನ್ನಾಗಿತ್ತು. ಪಂಪ್, ಬೇರಿಂಗ್ ಸರಿಯಿದೆ ಅಂತಾಯ್ತು. ಉಳಿದದ್ದು ಕೊಳೆ.

ಬಿಸಿಯಿರುವಾಗಲೇ ಆಯಿಲ್ ಇಳಿಸಿ, ಹೊಸ ಫಿಲ್ಟರ್ ಹಾಕಿ, ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡ್‌ನ ಆಯಿಲ್ ತುಂಬಿದೆ. ಆಮೇಲೆ ಗಾಳಿ ಹೋಗಲಿ ಅಂತ ನ್ಯೂಟ್ರಲ್‌ನಲ್ಲಿ ನಿಧಾನಕ್ಕೆ 3000 ಆರ್‌ಪಿಎಂವರೆಗೆ ಏರಿಸಿ, ಅಷ್ಟೇ ನಿಧಾನಕ್ಕೆ ಇಳಿಸಿದೆ. ಹೀಗೆ ಹಲವು ಸಲ. ಸದ್ದು ಮುಕ್ಕಾಲು ಪಾಲು ಹೋಯಿತು. ಇಷ್ಟಕ್ಕೆ ಅಡಿಟಿವ್‌ನ ಒಂದು ಹನಿಯೂ ಬೇಕಾಗಲಿಲ್ಲ.

ಉಳಿದ ಸದ್ದಿಗೆ ಲಿಫ್ಟರ್‌ಗೆಂದೇ ಮಾಡಿದ, ಕೊಳೆ ಬಿಡಿಸುವ ಜಾತಿಯ ಅಡಿಟಿವ್ ಹಾಕಿದೆ. ಇಲ್ಲಿ ಅಳತೆ ಮುಖ್ಯ. ಇಂಥ 300 ಮಿಲಿ ಬಾಟಲಿಯನ್ನು 6 ಲೀಟರ್ ಆಯಿಲ್‌ವರೆಗೆ ಆಗುವಂತೆ ಮಾಡಿರುತ್ತಾರೆ. ಅಕ್ಸೆಂಟ್‌ಗೆ ಹಿಡಿಯುವುದು ಮೂರು ಲೀಟರ್ ಮೇಲೆ ಸ್ವಲ್ಪ. ಅರ್ಧ ಬಾಟಲಿ ಸಾಕು. ಅಷ್ಟು ಆಯಿಲ್ ಮೊದಲೇ ಕಡಿಮೆ ಮಾಡಿಕೊಂಡೆ. "ಸಾಗರದವರೆಗೆ ಒಂದು ಸಲ ಹೋಗಿಬನ್ನಿ ಮೇಷ್ಟ್ರೇ, ಆಯಿಲ್ ಚೆನ್ನಾಗಿ ಬಿಸಿಯಾಗಬೇಕು" ಅಂದೆ. ಮಾರ್ಕೆಟ್‌ಗೆ ಹೋಗಿಬಂದರೆ ಅದು ಕೆಲಸ ಮಾಡಲ್ಲ.

ಮತ್ತೆ ಗಾಡಿ ತಂದಾಗ ಬೆಳಗಿನ ಸದ್ದು ನಿಜಕ್ಕೂ ಇಳಿದಿತ್ತು. ಆದರೆ ಮೂರನೇ ಸಿಲಿಂಡರ್ ಹತ್ತಿರ ಒಂದು ಟಿಕ್ ಮಾತ್ರ ಹಟ ಹಿಡಿದು ಉಳಿದಿತ್ತು. ಟ್ಯಾಪೆಟ್ ಕವರ್ ಬಿಚ್ಚಿ, ಕ್ಯಾಮ್‌ನ ಉಬ್ಬು, ಅಂದರೆ ಲೋಬ್, ಕೆಳಗಿದ್ದಾಗ ಒಂದೊಂದೇ ರಾಕರ್ ಒತ್ತಿ ನೋಡಿದೆ. ಒಳ್ಳೆ ಲಿಫ್ಟರ್ ಕಲ್ಲಿನಂತೆ ಗಟ್ಟಿ ಇರಬೇಕು. ಅದೊಂದು ಮಾತ್ರ ಮೆತ್ತಗೆ ಒಳಗೆ ಹೋಯಿತು. ಲೋಬ್ ಮೇಲೆ ಉಗುರು ಎಳೆದು ನೋಡಿದೆ, ನುಣುಪಾಗಿತ್ತು. ಆ ಒಂದು ಲಿಫ್ಟರ್ ಬದಲಿಸಿದೆ. ಸದ್ದು ನಿಂತಿತು. ಬಿಡಿಸಿದ ಕೊಳೆಯೆಲ್ಲ ಆಯಿಲ್‌ನಲ್ಲೇ ಇರುತ್ತದಲ್ವಾ? ಅದಕ್ಕೆ ಆ ಆಯಿಲ್ ಅನ್ನೂ ಫಿಲ್ಟರನ್ನೂ ಬೇಗನೆ ಬದಲಿಸಿದೆ. ಈಗ ಆ ಗಾಡಿಗೆ ಕಿಲೋಮೀಟರ್ ನೋಡದೆ ವರ್ಷಕ್ಕೊಮ್ಮೆ ಆಯಿಲ್.

ಹಾಗಾಗಿ ಅಡಿಟಿವ್ ಸುಳ್ಳು ಅಂತ ನಾನು ಹೇಳುವುದಿಲ್ಲ. ಕೊಳೆಯಿಂದ ಸಿಕ್ಕಿಕೊಂಡ ಲಿಫ್ಟರ್‌ಗೆ ಅದು ಸಹಾಯ ಮಾಡುತ್ತದೆ. ಸವೆದದ್ದನ್ನು ತುಂಬಿಕೊಡುವುದಿಲ್ಲ.

ಒಂದು ಟ್ಯಾಕ್ಸಿ ಬಂದಿತ್ತು, ಸ್ವಿಫ್ಟ್ ಡಿಸೈರ್ ಡೀಸೆಲ್. ಆ 1248 ಸಿಸಿ ಇಂಜಿನ್‌ನಲ್ಲೂ ಹೈಡ್ರಾಲಿಕ್ ಲಿಫ್ಟರ್ ಇದೆ. ಬಿಸಿಯಾಗಿ ಐಡ್ಲಿಂಗ್‌ಗೆ ಬಂದಾಗ ಟಕಟಕ. ಡ್ರೈವರ್‌ಗೆ ಬಾಡಿಗೆ ಇತ್ತು, "ಅಣ್ಣಾ, ದಪ್ಪ ಮಾಡೋ ಬಾಟಲಿ ಒಂದು ಹಾಕಿ ಕಳಿಸಿ" ಅಂತ ಗೋಗರೆದ. ಹಾಕಿದ್ದರೆ ಸದ್ದು ಅಡಗುತ್ತಿತ್ತು, ಬಹುಶಃ ಬೇರಿಂಗ್ ಹೋಗುತ್ತಿತ್ತು. ಗೇಜ್ ಹಾಕಿದರೆ ಪ್ರೆಶರ್ ಬಿದ್ದಿತ್ತು. ಇಂಜಿನ್ ಕೆಳಗಿನ ಆಯಿಲ್ ಚೇಂಬರ್ ಇಳಿಸಿದೆ, ಆಯಿಲ್ ಸೋಸುವ ಸ್ಟ್ರೇನರ್ ಜಾಲರಿಗೆ ಮಡ್ಡಿ ಕಟ್ಟಿಕೊಂಡಿತ್ತು. ತೊಳೆದು ಹಾಕಿದ ಮೇಲೆ ಪ್ರೆಶರ್ ಬಂತು. ಡೀಸೆಲ್ ಗಾಡಿ ನೋಡುವವರಿಗೆ ಒಂದು ಮಾತು: ಒಂದೊಂದೇ ಸಿಲಿಂಡರ್ ಕೆಲಸ ನಿಲ್ಲಿಸಿ ನೋಡಲು ಇಂಜೆಕ್ಟರ್ ಕನೆಕ್ಟರ್ ಮಾತ್ರ ತೆಗೆಯಿರಿ. ಹಳೆ ಇಂಜಿನ್‌ಗಳಲ್ಲಿ ಮಾಡಿದಂತೆ ಇಂಜೆಕ್ಟರ್ ಪೈಪ್ ಸಡಿಲ ಮಾಡಲೇಬೇಡಿ. ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಕೊಡುವ ಕಾಮನ್ ರೈಲ್‌ನಲ್ಲಿ ಪ್ರೆಶರ್ ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ಇಂಜಿನ್ ತೊಳೆಯುವುದೂ ನನಗೆ ಬೇಡ. ಮಡ್ಡಿ ಕಟ್ಟಿದ ಇಂಜಿನ್‌ನಲ್ಲಿ ಗಡ್ಡೆ ಗಡ್ಡೆಯಾಗಿ ಕಿತ್ತುಬಂದು ಅದೇ ಸ್ಟ್ರೇನರ್‌ಗೆ ಹೋಗಿ ಕೂರುತ್ತದೆ.

ಮಾರುತಿ 800, ಓಮ್ನಿ ಇಟ್ಟುಕೊಂಡವರೂ ಈ ಬಾಟಲಿ ಕೇಳುತ್ತಾರೆ. ಅವುಗಳಲ್ಲಿ ಹೈಡ್ರಾಲಿಕ್ ಲಿಫ್ಟರೇ ಇಲ್ಲ, ಸ್ಕ್ರೂ ತಿರುಗಿಸಿ ಸಂದು ಹೊಂದಿಸುವ ಟ್ಯಾಪೆಟ್. ಸಂದು ಅಳೆಯುವ ಫೀಲರ್ ಗೇಜ್ ಇಟ್ಟು ಸೆಟ್ ಮಾಡಿಸಿ, ಬಾಟಲಿಗೆ ದುಡ್ಡು ಹಾಕಬೇಡಿ.