ನಮ್ಮ ದಡದ ನೀರು ನಂಬಬೇಡಿ

ಬೇಸಿಗೆಯ ಕೊನೆಯ ವಾರಗಳಲ್ಲಿ ಸರೋವರದ ಪಕ್ಕದಲ್ಲಿರುವುದು ನನಗೆ ಬಹಳ ಇಷ್ಟ. ಬೆಳಗ್ಗೆ ಹೊರಗೆ ಬಂದರೆ ಮೈ ನಡುಗುತ್ತದೆ, ನೀರಿಗೆ ಕಾಲಿಟ್ಟರೆ ಬೆಚ್ಚಗಿರುತ್ತದೆ. ನೀರು ಕಾಯುವುದೂ ನಿಧಾನ, ಆರುವುದೂ ನಿಧಾನ, ಅದಕ್ಕೇ. ಆದರೆ ಈ ಬೆಚ್ಚಗೆ ಅನ್ನೋದು ಮೇಲಿನ ಪದರಕ್ಕೆ ಮಾತ್ರ. ನಡುವಿಗೆ ಈಜಿ ಹೋಗಿ ಒಮ್ಮೆ ಆಳಕ್ಕೆ ಮುಳುಗಿದೆ. ಸ್ವಲ್ಪ ಕೆಳಗೆ ಹೋಗುವಷ್ಟರಲ್ಲಿ ಯಾರೋ ತಣ್ಣೀರಿನ ಬಾವಿಯ ಮುಚ್ಚಳ ತೆಗೆದ ಹಾಗಾಯಿತು. ಉಸಿರು ಸಿಕ್ಕಿಕೊಂಡಿತು. ಆಮೇಲೆ ಅಂಥ ಸಾಹಸ ಮಾಡಿಲ್ಲ.

ನಾನು ಕಯಾಕ್ ನಡೆಸುವವನು. ಮೊದಲ ವರ್ಷ ಮಾಡಿದ ತಪ್ಪು ಈಗಲೂ ಕಣ್ಣ ಮುಂದಿದೆ. ಮಧ್ಯಾಹ್ನ, ಒಳ್ಳೆ ಬಿಸಿಲು. ನಮ್ಮ ದಡದಲ್ಲಿ ನೀರು ಅಲುಗಾಡುತ್ತಿರಲಿಲ್ಲ. ಹೊರಟೆ. ಹುಟ್ಟು ಹಾಕುವ ಶ್ರಮವೇ ಇಲ್ಲ, ದೋಣಿ ತಾನಾಗಿ ಓಡುತ್ತಿದೆ. ‘ಪರವಾಗಿಲ್ಲ, ಕೈ ಪಳಗಿದೆ’ ಅಂದುಕೊಂಡೆ. ಕೈ ಎಲ್ಲಿ ಪಳಗಿತ್ತು, ಗಾಳಿ ಬೆನ್ನ ಹಿಂದಿತ್ತು ಅಷ್ಟೇ! ದಡದ ಮರಗಳು ಅದನ್ನು ತಡೆದಿದ್ದರಿಂದ ಅಲ್ಲಿ ನೀರು ಶಾಂತವಾಗಿ ಕಂಡಿತ್ತು. ಮುಂದೆ ಹೋದಷ್ಟೂ ಗಾಳಿಗೆ ಬಯಲು ಸಿಗುತ್ತದೆ, ಅಲೆ ಬೆಳೆಯುತ್ತದೆ. ತಿರುಗಿದಾಗ ಗೊತ್ತಾಯಿತು. ಹತ್ತು ಸಲ ಹುಟ್ಟು ಹಾಕಿ ಉಸಿರು ತೆಗೆದುಕೊಳ್ಳಲು ನಿಂತರೆ, ದೋಣಿ ಅಷ್ಟೇ ದೂರ ಹಿಂದಕ್ಕೆ. ಕೊನೆಗೆ ನೇರ ಬರುವ ಹಟ ಬಿಟ್ಟು, ಹತ್ತಿರದ ದಡಕ್ಕೆ ಓರೆಯಾಗಿ ಸೇರಿ, ಕಯಾಕ್ ಅಲ್ಲೇ ಎಳೆದಿಟ್ಟು ನಡೆದು ಬಂದೆ. ಅಂಗೈಯಲ್ಲಿ ಬೊಬ್ಬೆ. ಪಕ್ಕದ ಮನೆಯ ಹಿರಿಯರು ನೋಡಿ, “ಕಾಲಡಿಯ ನೀರು ನೋಡಿ ಹೊರಟಿರಾ? ನಡುನೀರು ನೋಡಬೇಕು ಅಲ್ವಾ?” ಅಂದರು. ನಾಚಿಕೆಯಾಯಿತು.

ಈಗ ಹೊರಡುವ ಮುಂಚೆ ಐದು ನಿಮಿಷ ಸುಮ್ನೆ ನಿಂತು ದೂರದ ನೀರು ನೋಡುತ್ತೇನೆ. ಬಣ್ಣ ಕಪ್ಪಾಗಿ ಓಡುತ್ತಿದ್ದರೆ ಅಲ್ಲಿ ಬೀಸುಗಾಳಿ ಇದೆ ಅಂತ. ಅಲೆಯ ತುದಿಯಲ್ಲಿ ಬಿಳಿ ನೊರೆ ಅಲ್ಲಲ್ಲಿ ಕಂಡರೆ ಗಾಳಿ ಗಂಟೆಗೆ 20 ಕಿ.ಮೀ. ಆಸುಪಾಸಿನಲ್ಲಿದೆ. ಆ ದಿನ ನನ್ನ ಕಯಾಕ್ ದಡದಲ್ಲೇ. ಹೋದರೂ ಮೊದಲು ಗಾಳಿಗೆ ಎದುರಾಗಿ ಹೋಗುತ್ತೇನೆ, ಸುಸ್ತಾದ ಮೇಲೆ ಅದೇ ಗಾಳಿ ಮನೆಗೆ ತಳ್ಳುತ್ತದೆ. ನೆಲ ಕಾದ ಮೇಲೆ ಗಾಳಿ ಏಳುವುದು ಜಾಸ್ತಿ, ಹಾಗಾಗಿ ನನ್ನದೆಲ್ಲ ಬೆಳಗಿನ ಓಡಾಟ. ಲೈಫ್ ಜಾಕೆಟ್ ಸೀಟಿನ ಕೆಳಗಲ್ಲ, ಮೈಮೇಲೆ.

ಗುಡುಗಿನ ವಿಷಯದಲ್ಲಿ ಲೆಕ್ಕಾಚಾರವನ್ನೇ ಬಿಟ್ಟಿದ್ದೇನೆ. ಶಬ್ದ ಮೂರು ಸೆಕೆಂಡಿಗೆ ಸುಮಾರು 1 ಕಿ.ಮೀ. ಬರುತ್ತದೆ ಅಂತ ಮೊದಲು ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಎಣಿಸುತ್ತಾ ಕೂರುತ್ತಿದ್ದೆ. ಈಗ ಒಂದು ಗುಡುಗು ಕೇಳಿದರೂ ಸಾಕು, ನೀರಿಂದ ಎದ್ದು ಮನೆಯೊಳಗೆ. ಮರದ ಕೆಳಗಂತೂ ಅಲ್ಲ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯುತ್ತೇನೆ, ಮಕ್ಕಳು ಎಷ್ಟೇ ಗೋಗರೆದರೂ.

ಗಾಳಿಯೇ ಇಲ್ಲದ ಬಿಸಿ ದಿನಗಳಿಗೆ ಬೇರೆ ಕಾಟ. ದಡದಂಚಿಗೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕಟ್ಟುತ್ತದೆ. ನಾನು ಒಂದು ಕೋಲಿನಿಂದ ಎತ್ತಿ ನೋಡುತ್ತೇನೆ. ಕೂದಲಿನಂತೆ ಎಳೆ ಎಳೆಯಾಗಿ ಜೋತುಬಿದ್ದರೆ ಸಾಮಾನ್ಯ ಪಾಚಿ ಇರಬಹುದು. ಬಣ್ಣದಲ್ಲಿ ಅದ್ದಿದಂತೆ ಕೋಲಿಗೆ ಬಳಿದುಕೊಂಡರೆ ನೀಲಿ-ಹಸಿರು ಪಾಚಿಯ ಅನುಮಾನ, ಅದರಲ್ಲಿ ಕೆಲವು ವಿಷ. ಕೋಲಿನ ಪರೀಕ್ಷೆ ಪಕ್ಕಾ ಅಲ್ಲ, ಅನುಮಾನ ಬಂದರೆ ಈಜು ಬಂದ್. ನಾಯಿಯನ್ನಂತೂ ಬಿಡುವುದೇ ಇಲ್ಲ, ಅದು ನೀರು ಕುಡಿಯುತ್ತದೆ, ಮೈ ನೆಕ್ಕಿಕೊಳ್ಳುತ್ತದೆ.

ಈಗೀಗ ಬೆಳಗ್ಗೆ ನೀರಿನಿಂದ ಹಬೆ ಏಳಲು ಶುರುವಾಗಿದೆ. ಎದುರು ದಡದ ಒಂಟಿ ಮರ ಕಾಣುವವರೆಗೆ ಕಯಾಕ್ ಇಳಿಸುವುದಿಲ್ಲ. ಇವತ್ತು ಅದು ಕಾಣುವಷ್ಟರಲ್ಲಿ ಗಾಳಿ ಎದ್ದಿತ್ತು. ಒಣ ಕಯಾಕನ್ನೇ ಒರೆಸಿಟ್ಟು ಒಳಗೆ ಬಂದೆ.